ಹತ್ತಿ ಬೆಳೆಯುವ ನಾಡಿನ ಮಗುವಿಗೆ ಹತ್ತಿಯ ಅಂಗಿ

ಪ್ರತಿ ವರ್ಷ ಮೇ ತಿಂಗಳ ಕೊನೆಯಲ್ಲಿ, ಶಾಲೆಗಳು ಬಾಗಿಲು ತೆರೆಯುವ ಹೊತ್ತಿಗೆ, ಮನೆಮನೆಯಲ್ಲಿಯೂ ಒಂದು ಲೆಕ್ಕ ನಡೆಯುತ್ತದೆ. ಪಾಟಿಚೀಲ, ಪುಸ್ತಕ, ಕೊಡೆ, ಚಪ್ಪಲಿ, ಎರಡು ಜೊತೆ ಬಟ್ಟೆ. ಈ ಲೆಕ್ಕದಲ್ಲಿ ಬೆಲೆಯ ಪ್ರಶ್ನೆ ಇರುತ್ತದೆ. ಬಟ್ಟೆ ಯಾವುದರಿಂದ ಆಯಿತು, ಯಾರ ಕೈಯಿಂದ ಆಯಿತು, ಹರಿದ ಮೇಲೆ ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಗಳು ಇರುವುದಿಲ್ಲ. ಕಾಡು, ನದಿ, ಗಣಿ, ಅಣೆಕಟ್ಟುಗಳ ಬಗ್ಗೆ ದಶಕಗಳಿಂದ ಮಾತನಾಡುತ್ತ ಬಂದಿರುವ ನಾವು ಕೂಡ ಮೈಮೇಲಿನ ಬಟ್ಟೆಯನ್ನು ಪರಿಸರದ ಪ್ರಶ್ನೆಯೆಂದು ಕೇಳಿಕೊಂಡದ್ದು ಕಡಿಮೆ. ಮಕ್ಕಳ ಶಾಲೆಯ ಉಡುಪನ್ನು, ಪೂರ್ತಿ ಅಲ್ಲದಿದ್ದರೂ ಅದರ ಒಂದು ಪಾಲನ್ನಾದರೂ, ಮನೆಯ ಮತ್ತು ಊರಿನ ಕೈಗಳಿಂದಲೇ ಮಾಡಿಕೊಳ್ಳಬೇಕು ಎಂಬುದು ಈ ಲೇಖನದ ವಾದ. ಅದನ್ನು ಹೇಳಲು ಆರಿಸಿಕೊಂಡಿರುವ ಸ್ಥಳ ಮಾತ್ರ ನಮ್ಮ ಘಟ್ಟದ ಊರುಗಳಲ್ಲ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ ಮತ್ತು ಜೇವರ್ಗಿ ತಾಲ್ಲೂಕುಗಳು.

ಬೆಟ್ಟದ ಪತ್ರಿಕೆಯಲ್ಲಿ ಬಯಲಿನ ಮಾತೇಕೆ?

ಬೆಟ್ಟದಲ್ಲಿ ಹತ್ತಿ ಬೆಳೆಯುವುದಿಲ್ಲ. ನಮ್ಮ ಮಳೆ ಅದಕ್ಕೆ ಸಲ್ಲದು. ಅಡಿಕೆ, ಭತ್ತ, ಏಲಕ್ಕಿ, ಮೆಣಸು ಬೆಳೆಯುವ ನಾವು ಉಡುವ ಪ್ರತಿಯೊಂದು ನೂಲಿನ ಎಳೆಗೂ ಬಯಲಿಗೆ ಋಣಿಗಳು. ಮಳೆಗಾಲದಲ್ಲಿ ಕಂಬಳಿ ಕೊಪ್ಪೆ ಹೊದ್ದು ಶಾಲೆಗೆ ನಡೆದ ತಲೆಮಾರು ಇನ್ನೂ ನಮ್ಮ ನಡುವೆ ಇದೆ. ಆ ಕಂಬಳಿಯ ಉಣ್ಣೆ ಬಯಲು ಸೀಮೆಯ ಕುರಿಯದು. ಅದನ್ನು ನೇಯ್ದದ್ದು ಬಯಲು ಸೀಮೆಯ ಕುರುಬರ ಮಗ್ಗ. ಘಟ್ಟದ ಮಗುವನ್ನು ಮಳೆಯಿಂದ ಕಾಪಾಡಿದ್ದು ಮಳೆಯೇ ಅಪರೂಪವಾದ ನಾಡಿನ ಕಸುಬು.

ಬಟ್ಟೆ ಬೆಟ್ಟದ ಮೇಲೆ ಎಂಥ ಭಾರ ಹೊರಿಸಬಲ್ಲದು ಎಂಬುದನ್ನೂ ನಾವು ಕಂಡಿದ್ದೇವೆ. 1984ರಲ್ಲಿ ಕರ್ನಾಟಕ ಸರ್ಕಾರ ಮತ್ತು ಹರಿಹರ ಪಾಲಿಫೈಬರ್ಸ್ ಕೂಡಿ ಕರ್ನಾಟಕ ಪಲ್ಪ್‌ವುಡ್ ಎಂಬ ಕಂಪೆನಿಯನ್ನು ಕಟ್ಟಿದವು. ರೇಯಾನ್ ನಾರಿಗೆ ಬೇಕಾದ ತಿರುಳಿಗಾಗಿ ಸುಮಾರು 30 ಸಾವಿರ ಹೆಕ್ಟೇರ್ ಸಾಮುದಾಯಿಕ ಭೂಮಿಯಲ್ಲಿ ನೀಲಗಿರಿ ಬೆಳೆಸುವುದು ಅದರ ಉದ್ದೇಶವಾಗಿತ್ತು. ಸಮಾಜ ಪರಿವರ್ತನಾ ಸಮುದಾಯದ ನೇತೃತ್ವದಲ್ಲಿ 1987ರ ನವೆಂಬರ್ 14ರಂದು ಕುಸನೂರಿನಲ್ಲಿ ನಡೆದ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹದಲ್ಲಿ ಹಳ್ಳಿಗರು ನೀಲಗಿರಿ ಸಸಿಗಳನ್ನು ಕಿತ್ತು ತಮಗೆ ಬೇಕಾದ ಗಿಡಗಳನ್ನು ನೆಟ್ಟರು. 1991ರಲ್ಲಿ ಆ ಕಂಪೆನಿ ಮುಚ್ಚಿತು. ಅಂದು ದನ ಮೇಯುವ ಗೋಮಾಳದ ಮೇಲೆ ಕಣ್ಣು ಹಾಕಿದ್ದು ಕಾಗದವಲ್ಲ, ಸೌದೆಯಲ್ಲ, ಬಟ್ಟೆ. ಈ ಸಂಗತಿಯನ್ನು ನಾವು ಕಾಡಿನ ಕಥೆಯಾಗಿ ನೆನಪಿಟ್ಟುಕೊಂಡಿದ್ದೇವೆ, ಅಂಗಿಯ ಕಥೆಯಾಗಿ ಮರೆತಿದ್ದೇವೆ.

ಪಾಲಿಯೆಸ್ಟರಿನ ಕಥೆ ಇನ್ನೊಂದು ಬಗೆಯದು. ಅದು ಪೆಟ್ರೋಲಿಯಮ್ಮಿನಿಂದ ಬರುವ ಪ್ಲಾಸ್ಟಿಕ್ಕು. ಪ್ರತಿ ಒಗೆತದಲ್ಲಿಯೂ ಕಣ್ಣಿಗೆ ಕಾಣದ ಎಳೆಗಳನ್ನು ಅದು ನೀರಿಗೆ ಬಿಡುತ್ತದೆ. ಸಾಗರ ಸೇರುವ ಪ್ರಾಥಮಿಕ ಸೂಕ್ಷ್ಮ ಪ್ಲಾಸ್ಟಿಕ್ಕಿನಲ್ಲಿ ಸುಮಾರು 35 ಪಾಲು ಕೃತಕ ಬಟ್ಟೆಗಳ ಒಗೆತದಿಂದಲೇ ಬರುತ್ತದೆಂದು ಅಂತಾರಾಷ್ಟ್ರೀಯ ಪ್ರಕೃತಿ ಸಂರಕ್ಷಣಾ ಒಕ್ಕೂಟ 2017ರಲ್ಲಿ ಅಂದಾಜು ಮಾಡಿತು. ಹಳ್ಳದ ಕಲ್ಲಿನ ಮೇಲೆ ಬಟ್ಟೆ ಒಗೆಯುವ ನಮ್ಮ ಊರುಗಳಲ್ಲಿ ಆ ಎಳೆಗಳು ಸಾಗರಕ್ಕೆ ಹೋಗುವ ಮೊದಲು ನಮ್ಮ ಹಳ್ಳಕ್ಕೇ ಇಳಿಯುತ್ತವೆ.

ಎರೆಭೂಮಿಯ ಮೂರು ತಾಲ್ಲೂಕುಗಳು

ಆಳಂದದಲ್ಲಿ ಅಮರ್ಜಾ ನದಿ, ಅಫಜಲಪುರ ಮತ್ತು ಜೇವರ್ಗಿಗಳಲ್ಲಿ ಭೀಮೆ. ಇವೆರಡರ ಸಂಗಮ ಅಫಜಲಪುರ ತಾಲ್ಲೂಕಿನ ದೇವಲ ಗಾಣಗಾಪುರದಲ್ಲಿ. ಕಪ್ಪು ಎರೆಮಣ್ಣು, ಕಡಿಮೆ ಮಳೆ. ತೊಗರಿ ಇಲ್ಲಿಯ ಮುಖ್ಯ ಬೆಳೆ. ಕಲಬುರಗಿಯ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಕದ ಮಾನ್ಯತೆಯೂ ದೊರೆಯಿತು. ಅದರ ಜೊತೆಗೆ ಜೋಳ, ನೀರಿರುವಲ್ಲಿ ಕಬ್ಬು, ಮತ್ತು ಹತ್ತಿ. ಹಳೆಯ ಹೈದರಾಬಾದು ಸಂಸ್ಥಾನದಲ್ಲಿ ಗಾವರಾಣಿ ಎಂಬ ನಾಟಿ ಹತ್ತಿಗೆ ಹೆಸರಿತ್ತು. ನಿಜಾಮರ ಆಳ್ವಿಕೆಯಲ್ಲಿ, ಹತ್ತೊಂಬತ್ತನೆಯ ಶತಮಾನದ ಕೊನೆಯ ಭಾಗದಲ್ಲಿ, ಕಲಬುರಗಿಯಲ್ಲಿ ಮೆಹಬೂಬ್ ಶಾಹಿ ಬಟ್ಟೆ ಗಿರಣಿ ತಲೆ ಎತ್ತಿತು. ಆ ಗಿರಣಿ ಮುಚ್ಚಿ ಬಹಳ ವರ್ಷಗಳಾದವು; ಎಂ.ಎಸ್.ಕೆ. ಮಿಲ್ ಎಂಬುದು ಈಗ ನಗರದ ಒಂದು ಪ್ರದೇಶದ ಹೆಸರಾಗಿ ಮಾತ್ರ ಉಳಿದಿದೆ. ಹತ್ತಿ ಇಲ್ಲಿ ಬೆಳೆಯುತ್ತದೆ; ಆದರೆ ಅದು ನೂಲಾಗುವುದು, ಬಟ್ಟೆಯಾಗುವುದು ಬೇರೆಲ್ಲಿಯೋ.

2002ರಲ್ಲಿ ಬಿಟಿ ಹತ್ತಿಗೆ ದೇಶದಲ್ಲಿ ಅನುಮತಿ ಸಿಕ್ಕ ಮೇಲೆ ಬೀಜವೂ ಊರಿನ ಕೈ ತಪ್ಪಿತು. ಮನೆಯ ಮಡಕೆಯಲ್ಲಿ ಇಟ್ಟು ಮರುವರ್ಷ ಬಿತ್ತುತ್ತಿದ್ದ ಬೀಜದ ಬದಲು ಪ್ರತಿ ಮುಂಗಾರಿಗೂ ಪೊಟ್ಟಣ ಕೊಳ್ಳಬೇಕಾಯಿತು. ಬೀಜ ಹೊರಗಿನದು, ಔಷಧ ಹೊರಗಿನದು, ಬೆಲೆ ಕಟ್ಟುವವರು ಹೊರಗಿನವರು, ಬಟ್ಟೆಯೂ ಹೊರಗಿನದು. ಉಳಿದದ್ದು ದುಡಿಮೆ ಒಂದೇ. ಆ ದುಡಿಮೆಯಲ್ಲಿಯೂ ಮಕ್ಕಳ ಪಾಲಿದೆ. ದೀಪಾವಳಿಯ ಆಸುಪಾಸಿನಿಂದ ಹತ್ತಿ ಬಿಡಿಸುವ ಕೆಲಸ ಆರಂಭವಾದಾಗ ಶಾಲೆಯ ಹಾಜರಿ ತಗ್ಗುವುದು ಈ ಸೀಮೆಯ ಶಿಕ್ಷಕರಿಗೆಲ್ಲ ಗೊತ್ತಿರುವ ಸಂಗತಿ. ಮಗು ಹೊಲದಲ್ಲಿ ಹತ್ತಿ ಬಿಡಿಸುತ್ತಿರುತ್ತದೆ. ಮನೆಯ ಗೂಟಕ್ಕೆ ಅದರ ಶಾಲೆಯ ಅಂಗಿ ತೂಗುತ್ತಿರುತ್ತದೆ. ಆ ಅಂಗಿ ಪಾಲಿಯೆಸ್ಟರ್ ಬೆರಕೆಯದು. ನಮ್ಮ ಅರ್ಥವ್ಯವಸ್ಥೆ ಎಷ್ಟು ತಲೆಕೆಳಗಾಗಿದೆ ಎಂದು ತಿಳಿಯಲು ಇದಕ್ಕಿಂತ ಹೆಚ್ಚಿನ ಸಾಕ್ಷಿ ಬೇಕಾಗಿಲ್ಲ.

ಇದರ ಮೇಲೆ ಬಿಸಿಲು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಾಡು ಇದು. ಏಪ್ರಿಲ್ ಮತ್ತು ಮೇ ತಿಂಗಳಲ್ಲಿ ಸರ್ಕಾರಿ ಕಚೇರಿಗಳ ವೇಳೆಯನ್ನೇ ಬೆಳಿಗ್ಗೆ 8ರಿಂದ ಮಧ್ಯಾಹ್ನ 1.30ಕ್ಕೆ ಬದಲಿಸುವ ರೂಢಿ ಈ ವಿಭಾಗದಲ್ಲಿದೆ. ನೌಕರರ ಮೈ ಬಿಸಿಲಿಗೆ ಬಳಲುತ್ತದೆಂದು ಸರ್ಕಾರ ಒಪ್ಪಿದೆ. ಮಾರ್ಚಿನ ಬಿಸಿಲಿನಲ್ಲಿ, ತಗಡಿನ ಮಾಡಿನ ಕೋಣೆಯಲ್ಲಿ ಕೂತು ಪರೀಕ್ಷೆ ಬರೆಯುವ ಮಗುವಿನ ಮೈಗೆ ಯಾವ ಬಟ್ಟೆ ಹಿತ ಎಂಬುದನ್ನು ಮಾತ್ರ ಯಾರೂ ಯೋಚಿಸಿದಂತಿಲ್ಲ. ಹತ್ತಿ ಬೆವರನ್ನು ಹೀರಿ ಆರುತ್ತದೆ. ಪಾಲಿಯೆಸ್ಟರ್ ಬೆವರನ್ನು ಮೈಗೇ ಅಂಟಿಸುತ್ತದೆ. ಇದನ್ನು ತಿಳಿಯಲು ವಿಜ್ಞಾನಿ ಬೇಕಿಲ್ಲ, ಮಗುವಿನ ಬೆನ್ನಿನ ಮೇಲೆ ಎದ್ದ ಬೆವರುಸಾಲೆಯನ್ನು ನೋಡಿದರೆ ಸಾಕು.

ಕೈ ಮರೆತದ್ದಲ್ಲ, ಕೈಗೆ ಬಿಡುವು ತಪ್ಪಿದ್ದು

ಈ ಸೀಮೆಯ ಹೆಣ್ಣುಮಕ್ಕಳ ಕೈಗೆ ಸೂಜಿ ಹೊಸದಲ್ಲ. ಹಳೆಯ ಸೀರೆ, ಧೋತರ, ಅಂಗಿಗಳ ತುಂಡುಗಳನ್ನು ಪದರಪದರವಾಗಿ ಜೋಡಿಸಿ ಹೊಲಿಯುವ ಕೌದಿ ಉತ್ತರ ಕರ್ನಾಟಕದ ಮನೆಮನೆಯ ಹಾಸಿಗೆ, ಹೊದಿಕೆ. ಕೂಸಿಗೆ ಕುಲಾವಿ, ಕುಂಚಿಗೆಗಳನ್ನು ಮನೆಯಲ್ಲಿಯೇ ಹೊಲಿಯುವುದು ತವರಿನ ಪ್ರೀತಿಯ ಒಂದು ರೂಪ. ಲಂಬಾಣಿ ತಾಂಡಾಗಳ ಕಸೂತಿಯಂತೂ ನಾಡಿಗೆಲ್ಲ ಪರಿಚಿತ. ಶಾಲೆಯ ಬಟ್ಟೆಯೂ ಹೀಗೆಯೇ ಮನೆ ಮತ್ತು ಊರಿನ ಸಿಂಪಿಗರ ನಡುವೆ ತಯಾರಾಗುತ್ತಿದ್ದ ಕಾಲವೊಂದಿತ್ತು. ಲಂಗದ ಅಂಚಿಗೆ ಮೂರು ನಾಲ್ಕು ಅಂಗುಲ ಮಡಿಕೆ ಬಿಟ್ಟು ಹೊಲಿಸಿ, ಹುಡುಗಿ ಬೆಳೆದಂತೆ ವರ್ಷಕ್ಕೊಂದು ಮಡಿಕೆ ಬಿಚ್ಚುತ್ತಿದ್ದರು. ಅಣ್ಣನ ಅಂಗಿ ತಮ್ಮನಿಗೆ ಬರುತ್ತಿತ್ತು, ತಮ್ಮನಿಂದ ಕೌದಿಗೆ ಹೋಗುತ್ತಿತ್ತು. ಬಟ್ಟೆಗೆ ಕಸವೆಂಬ ಕೊನೆಯೇ ಇರಲಿಲ್ಲ.

ಅದು ಏಕೆ ನಿಂತಿತು? ಜನ ಸೋಮಾರಿಗಳಾದರು, ಪೇಟೆಯ ಥಳಕಿಗೆ ಮರುಳಾದರು ಎಂದು ಬಯ್ಯುವುದು ಸುಲಭ. ನಮ್ಮಂಥ ಪತ್ರಿಕೆಗಳು ಆಗಾಗ ಹಾಗೆ ಬಯ್ದದ್ದೂ ಉಂಟು. ಆದರೆ ಸುಗ್ಗಿ ಮುಗಿದೊಡನೆ ಗಂಟುಮೂಟೆ ಕಟ್ಟಿ ಬೆಂಗಳೂರು, ಪುಣೆ, ಮುಂಬಯಿಗಳ ಕಟ್ಟಡದ ಕೆಲಸಕ್ಕೆ ಗುಳೆ ಹೋಗುವ ತಾಯಿಗೆ ಸ್ವೆಟರ್ ಹೆಣೆಯಲು ಸಂಜೆ ಎಲ್ಲಿದೆ? ಹೊಲಿಗೆಯ ಕೂಲಿಗಿಂತ ಕಡಿಮೆ ಬೆಲೆಗೆ ಸಂತೆಯಲ್ಲಿ ಸಿದ್ಧ ಉಡುಪು ಸಿಗುವಾಗ ಸಿಂಪಿಗರ ಮಗ ತಂದೆಯ ಯಂತ್ರದ ಮುಂದೆ ಏಕೆ ಕೂರಬೇಕು? ಕೈಯಿಂದ ಮಾಡಿದ್ದನ್ನು ತೊಟ್ಟರೆ ಬಡವರೆಂದು, ಅಂಗಡಿಯದನ್ನು ತೊಟ್ಟರೆ ಉಳ್ಳವರೆಂದು ತರಗತಿಯಲ್ಲಿಯೇ ಎಣಿಕೆಯಾಗುವಾಗ ಯಾವ ತಾಯಿ ಮಗುವಿಗೆ ಆ ನೋವು ತರಬಯಸುತ್ತಾಳೆ? ಕೊಳ್ಳುಬಾಕತನ ಬಂದದ್ದು ಮನಸ್ಸಿನಿಂದ ಮಾತ್ರವಲ್ಲ. ಬಿಡುವನ್ನು ಕಸಿದುಕೊಂಡ ದುಡಿಮೆಯ ರೀತಿಯಿಂದಲೂ ಬಂದಿದೆ.

ಆದ್ದರಿಂದ, ತಾಯಂದಿರೇ, ಮಕ್ಕಳ ಬಟ್ಟೆಯನ್ನು ನೀವೇ ಮಾಡಿ ಎಂದು ಉಪದೇಶಿಸುವುದು ಇಲ್ಲಿಯ ಉದ್ದೇಶವಲ್ಲ. ಅಡುಗೆ, ನೀರು, ಸೌದೆ, ಕೂಲಿಗಳ ಮೇಲೆ ಹೆಣಿಗೆಯನ್ನೂ ಹೆಣ್ಣಿನ ಹೆಗಲಿಗೆ ಹೊರಿಸಿ ಅದಕ್ಕೆ ಪರಿಸರಪ್ರೇಮ ಎಂಬ ಹೆಸರಿಟ್ಟರೆ ಅದು ಅನ್ಯಾಯ. ಕೈಯಿಂದ ಮಾಡುವ ಕೆಲಸ ಮತ್ತೆ ಬರಬೇಕಾದರೆ ಅದಕ್ಕೆ ಮೂರು ಆಸರೆಗಳು ಬೇಕು: ಕೂಲಿ, ಕಲಿಕೆ, ಮತ್ತು ಗಂಡಸರ ಪಾಲು.

ಕೂಲಿ ಎಲ್ಲಿಂದ?

ಕೂಲಿಗೆ ಹೊಸ ಹಣ ಹುಡುಕಬೇಕಾಗಿಲ್ಲ. ವಿದ್ಯಾವಿಕಾಸ ಯೋಜನೆಯಲ್ಲಿ ಸರ್ಕಾರಿ ಶಾಲೆಯ ಒಂದರಿಂದ ಹತ್ತನೆಯ ತರಗತಿಯವರೆಗಿನ ಮಕ್ಕಳಿಗೆ ಉಚಿತ ಸಮವಸ್ತ್ರ ದೊರೆಯುತ್ತದೆ. ಇದು ಒಳ್ಳೆಯ ಯೋಜನೆ. ಎಷ್ಟೋ ಮಕ್ಕಳಿಗೆ ಮದುವೆ, ಜಾತ್ರೆಗಳಿಗೂ ಅದೇ ಒಳ್ಳೆಯ ಅಂಗಿ. 1975ರಲ್ಲಿ ಸ್ಥಾಪನೆಯಾದ ಕರ್ನಾಟಕ ಕೈಮಗ್ಗ ಅಭಿವೃದ್ಧಿ ನಿಗಮದ ನೇಕಾರರಿಗೆ ಈ ಯೋಜನೆಯ ಬಟ್ಟೆ ನೇಯುವ ಕೆಲಸ ಬಹುಕಾಲ ಅನ್ನ ನೀಡಿತು. ಹೀಗೆ ಮಗುವಿಗೆ ಬಟ್ಟೆಯೂ ನೇಕಾರನಿಗೆ ಕೆಲಸವೂ ಒಂದೇ ಹಣದಿಂದ ಆಗಬಲ್ಲದೆಂದು ಸರ್ಕಾರವೇ ತೋರಿಸಿತ್ತು. ಆದರೆ ನೂಲು ಬೆರಕೆಯದಾಯಿತು; ಯಂತ್ರಮಗ್ಗದ ಬಟ್ಟೆಯ ಟೆಂಡರುಗಳು ಬಂದವು. ತುಂಡು ಬಟ್ಟೆ ಕೈಗೆ ಬಂದ ಮೇಲೆ ಹೊಲಿಗೆಯ ಖರ್ಚು ಪಾಲಕರ ತಲೆಗೆ ಬೀಳುತ್ತದೆ.

ನೆರೆಯ ರಾಜ್ಯಗಳನ್ನು ನೋಡೋಣ. ಕೇರಳ ಸರ್ಕಾರ 2017ರಲ್ಲಿ ಶಾಲಾ ಮಕ್ಕಳಿಗೆ ಕೈಮಗ್ಗದ ಸಮವಸ್ತ್ರ ಕೊಡುವ ಯೋಜನೆಯನ್ನು ಕೈಗೆತ್ತಿಕೊಂಡಿತು. ಕೆಲಸವಿಲ್ಲದೆ ನಿಂತಿದ್ದ ಮಗ್ಗಗಳು ಅದರಿಂದ ಮತ್ತೆ ಸದ್ದು ಮಾಡಿದವು. ಕಲಬುರಗಿಗೆ ಹೊಂದಿಕೊಂಡಿರುವ ತೆಲಂಗಾಣ 2024ರಲ್ಲಿ ಶಾಲಾ ಸಮವಸ್ತ್ರದ ಹೊಲಿಗೆಯನ್ನು ಮಹಿಳಾ ಸ್ವಸಹಾಯ ಸಂಘಗಳಿಗೆ ವಹಿಸಿತು. ಈ ಎರಡನ್ನೂ ಸೇರಿಸಿ ಯೋಚಿಸಿದರೆ ದಾರಿ ಕಾಣುತ್ತದೆ. ಬಟ್ಟೆ ಶುದ್ಧ ಹತ್ತಿಯದಾಗಿರಲಿ, ನೇಯ್ಗೆ ಕೈಮಗ್ಗದ್ದಾಗಿರಲಿ, ಹೊಲಿಗೆ ಅದೇ ಊರಿನ ಸಿಂಪಿಗರ ಮತ್ತು ಸ್ವಸಹಾಯ ಸಂಘದ ಹೆಣ್ಣುಮಕ್ಕಳದಾಗಿರಲಿ, ಕೂಲಿಯನ್ನು ಸರ್ಕಾರ ಕೊಡಲಿ. ಜೇವರ್ಗಿಯ ಒಂದು ಹಳ್ಳಿಯಲ್ಲಿ ನೂರು ಮಕ್ಕಳಿದ್ದರೆ, ಎರಡು ಜೊತೆಯಂತೆ ಇನ್ನೂರು ಜೊತೆ ಬಟ್ಟೆ. ನಾಲ್ಕೈದು ಯಂತ್ರಗಳಿಗೆ ಬೇಸಿಗೆಯ ಒಂದೆರಡು ತಿಂಗಳ ಕೆಲಸ. ಗುಳೆ ಹೋಗುವ ಕಾಲದಲ್ಲಿಯೇ ಬರುವ ಕೆಲಸ. ಅಷ್ಟು ಮನೆಗಳಾದರೂ ಊರಲ್ಲಿ ಉಳಿದರೆ ಅಷ್ಟು ಮಕ್ಕಳು ಜೂನಿನಲ್ಲಿ ಶಾಲೆಯ ಬಾಗಿಲಲ್ಲಿ ಇರುತ್ತಾರೆ.

2023ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ದೇಶದ 7 ಬೃಹತ್ ಜವಳಿ ಪಾರ್ಕುಗಳಲ್ಲಿ ಒಂದನ್ನು ಕಲಬುರಗಿಗೆ ಘೋಷಿಸಿತು. ಅದಕ್ಕೆ 1000 ಎಕರೆ ಗೊತ್ತುಮಾಡಲಾಗಿದೆ. ಉದ್ಯೋಗ ಬರುವುದಾದರೆ ಬರಲಿ. ಆದರೆ ಆಳಂದದ ಹೆಣ್ಣುಮಗಳು ಪಾರ್ಕಿನ ಸಾಲಿನಲ್ಲಿ ಕೂತು ದೂರದ ದೇಶದ ಮಗುವಿಗೆ ಅಂಗಿ ಹೊಲಿಯುವುದೂ, ಆಕೆಯ ಮಗು ಪೆಟ್ರೋಲಿಯಮ್ಮಿನ ಅಂಗಿ ತೊಡುವುದೂ ಅಭಿವೃದ್ಧಿಯೆನಿಸಿಕೊಳ್ಳಲಾರದು. ಊರಿನ ಹತ್ತಿಯ ಮೊದಲ ಪಾಲು ಊರಿನ ಮಗುವಿನ ಮೈಗೆ ಸಲ್ಲಬೇಕು. ಇದು ಬೇಡಿಕೆಯಾಗಬೇಕು.

ಇಂಥ ಬೇಡಿಕೆ ಇಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ರಾಷ್ಟ್ರಧ್ವಜವೇ ಉದಾಹರಣೆ. ಹುಬ್ಬಳ್ಳಿಯ ಬೆಂಗೇರಿಯ ಖಾದಿ ಕೇಂದ್ರದಲ್ಲಿ ಕೈನೂಲಿನ, ಕೈನೇಯ್ಗೆಯ ಬಟ್ಟೆಯಿಂದ ಧ್ವಜಗಳು ತಯಾರಾಗುತ್ತವೆ. 2021ರ ಡಿಸೆಂಬರ್ 30ರಂದು ಧ್ವಜಸಂಹಿತೆಗೆ ತಿದ್ದುಪಡಿ ತಂದು ಯಂತ್ರದಿಂದ ಮಾಡಿದ, ಪಾಲಿಯೆಸ್ಟರಿನ ಧ್ವಜಕ್ಕೂ ಅವಕಾಶ ನೀಡಲಾಯಿತು. ಬೆಂಗೇರಿಯ ದುಡಿಮೆಗಾರರು ಪ್ರತಿಭಟಿಸಿದರು. ಈಗ ಪಾಲಿಯೆಸ್ಟರ್ ತೊಟ್ಟ ಮಗು ಪಾಲಿಯೆಸ್ಟರಿಗೆ ವಂದಿಸುವ ಆಗಸ್ಟ್ 15 ನಮ್ಮದಾಗಬಹುದು.

ಕಲಿಕೆ ಮತ್ತು ಗಂಡಸರ ಪಾಲು

1937ರ ಅಕ್ಟೋಬರಿನಲ್ಲಿ ವಾರ್ಧಾದಲ್ಲಿ ಸೇರಿದ ಶಿಕ್ಷಣ ಸಮ್ಮೇಳನದಲ್ಲಿ ಗಾಂಧೀಜಿ ಕೈಕಸುಬಿನ ಮೂಲಕ ಶಿಕ್ಷಣ ಎಂಬ ವಿಚಾರವನ್ನು ಮುಂದಿಟ್ಟರು. ಅದರಿಂದ ಹುಟ್ಟಿದ ಮೂಲಶಿಕ್ಷಣದ ಶಾಲೆಗಳಲ್ಲಿ ಹುಡುಗರೂ ಹುಡುಗಿಯರೂ ತಕಲಿ ಹಿಡಿದು ನೂಲು ತೆಗೆದರು. ನಾವು ಅದನ್ನು ಹಳತೆಂದು ಬಿಟ್ಟೆವು. ಶಿಕ್ಷಣದಲ್ಲಿ ಮುಂದುವರಿದ ದೇಶವೆಂದು ಎಲ್ಲರೂ ಹೊಗಳುವ ಫಿನ್ಲೆಂಡ್ 1866ರಲ್ಲಿ ತನ್ನ ಜನಶಾಲೆಗಳಲ್ಲಿ ಕೈಕೆಲಸವನ್ನು ಕಡ್ಡಾಯ ಮಾಡಿತು, ಇಂದಿಗೂ ಬಿಟ್ಟಿಲ್ಲ. ಅಲ್ಲಿ ಹುಡುಗರೂ ಹೆಣೆಯಲು, ಹೊಲಿಯಲು ಕಲಿಯುತ್ತಾರೆ; ಅದನ್ನು ಯಾರೂ ಹಿಂದುಳಿದಿರುವಿಕೆಯೆಂದು ಕರೆಯುವುದಿಲ್ಲ.

ಹೆಣಿಗೆ ಕಲಿಯುವುದು ಕಷ್ಟವಲ್ಲ. ಎರಡು ಕಡ್ಡಿ, ಒಂದು ಉಂಡೆ ದಾರ, ಎರಡು ಬಗೆಯ ಕುಣಿಕೆ. ಎಂಟು ವರ್ಷದ ಮಗುವಿನ ತೋಳಿರುವ ಸ್ವೆಟರಿಗೆ ಸುಮಾರು 250 ಗ್ರಾಂ ದಾರ ಬೇಕಾದೀತು; ತೋಳಿಲ್ಲದ್ದಕ್ಕೆ ಇನ್ನೂ ಕಡಿಮೆ. ಪೇಟೆಯಲ್ಲಿ ಉಲನ್ ಎಂದು ಮಾರುವ ಬಣ್ಣಬಣ್ಣದ ಅಗ್ಗದ ದಾರದಲ್ಲಿ ಬಹುಪಾಲು ಅಕ್ರಿಲಿಕ್, ಅದೂ ಪ್ಲಾಸ್ಟಿಕ್ಕೇ. ಘಟ್ಟದ ಚಳಿಗೆ ಉಣ್ಣೆ, ಬಯಲಿನ ಡಿಸೆಂಬರದ ಬೆಳಗಿನ ಚಳಿಗೆ ದಪ್ಪ ಹತ್ತಿ ನೂಲು ಒಳ್ಳೆಯದು. ಕೈಹೆಣಿಗೆಯ ದೊಡ್ಡ ಗುಣ ಒಂದಿದೆ. ಮಗು ಬೆಳೆದಾಗ ಅದನ್ನು ಬಿಚ್ಚಿ, ದಾರವನ್ನು ಒಗೆದು ಒಣಗಿಸಿ, ಇನ್ನಷ್ಟು ದಾರ ಸೇರಿಸಿ ಮತ್ತೆ ಹೆಣೆಯಬಹುದು. ಕಾರ್ಖಾನೆಯಲ್ಲಿ ಕತ್ತರಿಸಿ ಹೊಲಿದ ಸ್ವೆಟರನ್ನು ಹೀಗೆ ಬಿಚ್ಚಲು ಹೋದರೆ ತುಂಡು ತುಂಡು ದಾರ ಮಾತ್ರ ಕೈಗೆ ಬರುತ್ತದೆ.

ಸಮವಸ್ತ್ರವು ಬಡವ ಬಲ್ಲಿದರ ಭೇದ ಅಳಿಸಲೆಂದೇ ಬಂದದ್ದು. ಮನೆಯಲ್ಲಿ ಮಾಡಿದರೆ ಒಬ್ಬೊಬ್ಬರದು ಒಂದೊಂದು ಬಗೆಯಾಗಿ ಭೇದ ಮರಳುವುದಿಲ್ಲವೇ ಎಂದು ಕೆಲವರು ಕೇಳಬಹುದು. ಇದು ನ್ಯಾಯವಾದ ಪ್ರಶ್ನೆ. ಸಮವಸ್ತ್ರದಲ್ಲಿ ಸಮವಾಗಿರಬೇಕಾದದ್ದು ಬಣ್ಣ ಮತ್ತು ಬಟ್ಟೆಯ ಗುಣ. ಎಲ್ಲ ಮಕ್ಕಳಿಗೂ ಒಂದೇ ಹತ್ತಿ ಬಟ್ಟೆ ಬಂದು, ಒಂದೇ ಊರಿನ ಕೈಗಳು ಅದನ್ನು ಹೊಲಿದರೆ ಸಮತೆಗೆ ಕುಂದಿಲ್ಲ. ಇಂದು ನಿಜವಾದ ಭೇದ ಇರುವುದು ಬೇರೆ ಕಡೆ: ಖಾಸಗಿ ಶಾಲೆಯ ಟೈ, ಬೂಟು, ಕೋಟುಗಳಲ್ಲಿ.

ಹತ್ತಿಯೇನು ಪಾಪರಹಿತವೇ ಎಂದೂ ಕೇಳಬಹುದು. ಅಲ್ಲ. ಇಂದಿನ ಹತ್ತಿ ಹೊಲಕ್ಕೆ ಸುರಿಯುವ ಔಷಧ ಮತ್ತು ಗೊಬ್ಬರವನ್ನು ಮರೆತು ಹತ್ತಿಯನ್ನು ಹೊಗಳುವುದು ಅಪ್ರಾಮಾಣಿಕತೆ. ಆದರೆ ಹತ್ತಿಯ ಬೇಸಾಯವನ್ನು ತಿದ್ದಬಹುದು; ನಾಟಿ ಬೀಜ, ಮಿಶ್ರಬೆಳೆ, ಸಾವಯವ ವಿಧಾನಗಳಿಗೆ ದಾರಿ ಇದೆ. ಪೆಟ್ರೋಲಿಯಮ್ಮಿನಿಂದ ಬಂದ ನಾರನ್ನು ಯಾವ ರೈತನೂ ತಿದ್ದಲಾರ. ನಾಟಿ ಹತ್ತಿಯ ಗಿಡ್ಡ ಎಳೆ ಗಿರಣಿಗೆ ಬೇಡವಾದದ್ದು. ಚರಕ, ತಕಲಿಗಳಿಗೆ ಅದು ಸಲ್ಲುತ್ತದೆ.

ನಮ್ಮ ಪಾಲು

ಘಟ್ಟದಲ್ಲಿಯೂ ಇದಕ್ಕೆ ಮಾದರಿ ಇದೆ. ಸಾಗರ ತಾಲ್ಲೂಕಿನ ಹೆಗ್ಗೋಡಿನ ಬಳಿ ರಂಗಕರ್ಮಿ ಪ್ರಸನ್ನ ಅವರು 1990ರ ದಶಕದಲ್ಲಿ ಹಳ್ಳಿಯ ಹೆಣ್ಣುಮಕ್ಕಳೊಡನೆ ಕಟ್ಟಿದ ‘ಚರಕ’ ಸಹಕಾರ ಸಂಘ ಹತ್ತಿ ನೂಲಿಗೆ ಅಡಿಕೆಯ ಚೊಗರು ಮೊದಲಾದ ಸಹಜ ಬಣ್ಣ ಹಾಕಿ ಕೈಮಗ್ಗದಲ್ಲಿ ನೇಯುವುದನ್ನು ಕಲಿಸಿತು. ಹತ್ತಿ ಬಯಲಿನದು, ಬಣ್ಣ ಮತ್ತು ಕೈ ಬೆಟ್ಟದವು. 2020ರಲ್ಲಿ ಅದು ತೀವ್ರ ಹಣಕಾಸಿನ ಮುಗ್ಗಟ್ಟಿಗೆ ಸಿಕ್ಕಿದ್ದನ್ನೂ ಮರೆಯಬಾರದು. ಹೊಗಳುವವರು ಬಹಳ, ಕೊಳ್ಳುವವರು ಕಡಿಮೆಯಾದರೆ ಯಾವ ಕೈಮಗ್ಗವೂ ಬಾಳದು. ಶಾಲೆಯ ಬಟ್ಟೆಯಂಥ, ವರ್ಷವೂ ತಪ್ಪದ ಬೇಡಿಕೆಯೊಂದೇ ಅದನ್ನು ನಿಲ್ಲಿಸಬಲ್ಲದು.

1983ರಲ್ಲಿ ಶಿರಸಿಯ ಸಲ್ಕಣಿಯಲ್ಲಿ ಮರ ಅಪ್ಪಿಕೊಂಡು ಆರಂಭವಾದ ಚಳವಳಿ ನಮಗೆ ಮೂರು ಮಾತು ಕೊಟ್ಟಿತು: ಉಳಿಸು, ಬೆಳೆಸು, ಬಳಸು. ಮೊದಲ ಎರಡನ್ನು ನಾವು ಸಭೆಗಳಲ್ಲಿ ಹೇಳುತ್ತ ಬಂದಿದ್ದೇವೆ. ಮೂರನೆಯದನ್ನು, ಎಂದರೆ ಅರಿತು, ಅಳೆದು ಬಳಸುವುದನ್ನು, ಮನೆಯೊಳಗೆ ತರುವುದು ಬಾಕಿ ಇದೆ.

ವಿದ್ಯಾರ್ಥಿ ಗೆಳೆಯರು ಈ ಮಳೆಗಾಲದಲ್ಲಿ ಒಂದು ಕೆಲಸ ಮಾಡಬಹುದು. ಅಜ್ಜಿ, ದೊಡ್ಡಮ್ಮ, ನೆರೆಯ ಅಕ್ಕ, ಯಾರಿಗೆ ಹೆಣಿಗೆ ಬರುತ್ತದೋ ಅವರ ಬಳಿ ಕೂತು ಕಲಿಯಿರಿ. ಹುಡುಗರು ಮೊದಲು ಕೂರಿ. ತಂಗಿ ತಮ್ಮಂದಿರ ಹರಿದ ಅಂಗಿಗೆ ತೇಪೆ ಹಾಕುವುದರಿಂದ, ಹಳೆಯ ಪ್ಯಾಂಟಿನಿಂದ ಪಾಟಿಚೀಲ ಹೊಲಿಯುವುದರಿಂದ ಆರಂಭಿಸಿ. ಶಿಕ್ಷಕರು ‘ಸಂಭ್ರಮ ಶನಿವಾರ’ದಂಥ ಚೀಲವಿಲ್ಲದ ದಿನಗಳನ್ನು ಸೂಜಿ, ಕಡ್ಡಿ, ತಕಲಿಗೆ ಮೀಸಲಿಡಬಹುದು, ಊರಿನ ಸಿಂಪಿಗರನ್ನೇ ಆ ದಿನದ ಗುರುಗಳಾಗಿ ಕರೆಯಬಹುದು. ಪಾಲಕರು ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಯ ಸಭೆಯಲ್ಲಿ ಎರಡು ಸಾಲಿನ ಠರಾವು ಮಾಡಿ ಕಳುಹಿಸಬಹುದು: ನಮ್ಮ ಮಕ್ಕಳಿಗೆ ಶುದ್ಧ ಹತ್ತಿಯ ಬಟ್ಟೆ ಕೊಡಿ, ಹೊಲಿಗೆಯ ಕೆಲಸವನ್ನೂ ಕೂಲಿಯನ್ನೂ ನಮ್ಮ ಊರಿಗೇ ಕೊಡಿ. ಆಳಂದ, ಅಫಜಲಪುರ, ಜೇವರ್ಗಿಗಳ ಹಳ್ಳಿಗಳಿಂದಲೂ ಶಿರಸಿ, ಸಾಗರ, ಕೊಪ್ಪಗಳ ಹಳ್ಳಿಗಳಿಂದಲೂ ಒಂದೇ ಠರಾವು ಹೋದರೆ ಅದನ್ನು ಬದಿಗಿಡುವುದು ಸುಲಭವಾಗಲಾರದು.

ಹತ್ತಿ ಬೆಳೆಯುವವರು ಅವರು, ಉಡುವವರು ನಾವು. ಭೀಮೆಯ ದಡದ ಮಗುವಿನ ಮೈಗೆ ಹತ್ತಿಯ ಅಂಗಿ ಬಾರದೆ ಘಟ್ಟದ ಹಳ್ಳಗಳಿಂದ ಪ್ಲಾಸ್ಟಿಕ್ಕಿನ ಎಳೆಗಳೂ ಹೋಗವು. ಬರುವ ಜೂನಿಗೆ ಮೊದಲು ಪ್ರತಿ ಮನೆಯಲ್ಲಿಯೂ ಮಗುವಿಗಾಗಿ ಒಂದು ವಸ್ತುವಾದರೂ, ಚೀಲವಿರಲಿ, ಸ್ವೆಟರಿರಲಿ, ತೇಪೆಯ ಚಡ್ಡಿಯಿರಲಿ, ಮನೆಯವರ ಕೈಯಿಂದ ಆಗಲಿ. ಪ್ರತಿ ಊರಿನಿಂದಲೂ ಒಂದು ಠರಾವಾದರೂ ಹೋಗಲಿ.